ಎಮಾಲಿಯಾ ಮನೆಯ ಶ್ರುತಿ

ಇಯೊಕೆಪಾನನ್ನು ಮಣ್ಣು ಮಾಡಿದ ಮೂರನೇ ದಿನ ಅವನ ಹೆಂಡತಿ ಎಮಾಲಿಯಾ ಕೆಲಸಕ್ಕೆ ಹೋದಳು. ನಮ್ಮ ಮೊಲೊಕಾಯಿ ದ್ವೀಪದ ಪೂರ್ವ ದಂಡೆಯ ಶಾಲೆಯಲ್ಲಿ ಅಡುಗೆ ಅವಳದು. ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ಮುಖ ಕಿವುಚಿಕೊಂಡು ಉಂಡವು. ಅತ್ತಳೇ ಎಂದು ಊರವರು ನನ್ನನ್ನು ಕೇಳುತ್ತಿದ್ದರು. ಇಲ್ಲ. ಜೋಮು ಹಿಡಿದ ಕಾಲನ್ನು ಎಳೆಯುವ ಹಾಗೆ ಇಡೀ ಮೈಯನ್ನು ಎಳೆದುಕೊಂಡು ಓಡಾಡುತ್ತಿದ್ದಳು, ಅಷ್ಟೇ.

ನಾನೂ ಅವಳೂ ಒಂದೇ ಬೆಂಚಿನಲ್ಲಿ ಓದಿದವರು. ಹದಿನಾಲ್ಕಕ್ಕೆ ಅವಳು ಅನಾನಸ್ ತೋಟ ಸೇರಿದಳು. ಹಣ್ಣಿನ ಹುಳಿರಸಕ್ಕೆ ಸುಟ್ಟು ಬೆರಳ ತುದಿಯ ಗೆರೆಗಳೇ ಅಳಿಸಿಹೋದವು. ರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದ ಇಯೊಕೆಪಾನನ್ನು ಕಟ್ಟಿಕೊಂಡಳು. ಒಬ್ಬಳೇ ಮಗಳು, ಹಲಿಯಾ. ಎಪ್ಪತ್ತೈದನೇ ಇಸವಿಯಲ್ಲಿ ಭೂಮಿ ಕಂಪನಿಯವರು ನಮ್ಮ ಕಣಿವೆ ಖಾಲಿ ಮಾಡಿಸಲು ಬಂದಾಗ ಹನ್ನೊಂದು ದಿನ ರಸ್ತೆಗೆ ಅಡ್ಡ ಕೂತೆವು. ಭಾಷಣ ಮಾಡಿದ್ದು, ಪೇಪರಿನಲ್ಲಿ ಮುಖ ಬಂದದ್ದು ನನ್ನಂಥವರದು. ನಲವತ್ತು ಹೊಟ್ಟೆಗಳಿಗೆ ಕೆಸುವಿನ ಗಡ್ಡೆ ಬೇಯಿಸಿ, ಕುಟ್ಟಿ, ಪೋಯಿ ಮಾಡಿ ಹಾಕಿದ್ದು ಅವಳು. "ಕ್ರಾಂತಿ ಆಮೇಲೆ ಮಾಡೀರಂತೆ, ಮೊದ್ಲು ತಟ್ಟೆ ತೊಳೀರೋ ಸೋಂಬೇರಿಗಳಾ" ಎಂದು ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಆ ಬಾಯಿ ಗಂಡನ ಜೊತೆಗೇ ಹೋಯಿತು.

ಇಯೊಕೆಪಾ ಗಿಟಾರ್ ನುಡಿಸುತ್ತಿದ್ದ. ನಮ್ಮವರು ತಂತಿಗಳನ್ನು ಸಡಿಲಿಸಿ ತಮಗೆ ಬೇಕಾದ ಶ್ರುತಿಗೆ ತಂದು ನುಡಿಸುತ್ತಾರೆ. ಕೆಲವು ಮನೆಗಳಿಗೆ ತಮ್ಮದೇ ಒಂದು ಶ್ರುತಿ. ಅದು ಹೊರಗಿನವರ ಕಿವಿಗೆ ಬೀಳಬಹುದು, ಕೈಗೆ ಸಿಗಬಾರದು. ಅದಕ್ಕೇ ಗೋಡೆ ಕಡೆ ತಿರುಗಿ ನುಡಿಸುವುದು, ಕೆಳಗಿಡುವ ಮೊದಲು ಬಿರಡೆ ತಿರುಗಿಸಿ ಶ್ರುತಿ ಕೆಡಿಸುವುದು ರೂಢಿ. ರಸ್ತೆತಡೆಯಲ್ಲಿ ಪೇಪರಿನವರು ಹತ್ತಿರ ಬಂದರೆ ಇಯೊಕೆಪಾ ಆರೂ ಬಿರಡೆಗಳನ್ನು ಗಿರ್ರನೆ ತಿರುಗಿಸಿ, "ಈಗ ತಕ್ಕೊಳ್ರಪ್ಪಾ ಫೋಟೋ" ಎಂದು ಹಲ್ಲು ಕಿರಿಯುತ್ತಿದ್ದ. ನಾವೆಲ್ಲ ಕೇಕೆ ಹಾಕುತ್ತಿದ್ದೆವು. ಭೂಮಿ ಹೋಯಿತು, ಮೀನಿನ ಕೊಳ ಹೋಯಿತು, ಇದೊಂದನ್ನು ಯಾವನಿಗೂ ಬಿಡೆವು ಅನ್ನುವ ಕೊಬ್ಬು ನಮಗೆ.

ಮಗಳಿಗೂ ಬಿಡಲಿಲ್ಲ ಆ ಹಠಮಾರಿ. ಬೇರೆ ಶ್ರುತಿಗಳನ್ನೆಲ್ಲ ಕಲಿಸಿದ. ಮನೆಯದನ್ನು ಕೇಳಿದರೆ, "ನೀನು ಯಾವನ್ನ ಕಟ್ಕೋತೀಯೋ, ಯಾವ ಮನೆಗೆ ಹೋಗ್ತೀಯೋ, ಮೊದ್ಲು ನೋಡಾಣ" ಅನ್ನುತ್ತಿದ್ದ. ನೋಡುವ ಮೊದಲೇ ಮುಗಿಯಿತು. ಒಂದು ಸಂಜೆ ನುಡಿಸಿ, ಇರುವವರು ಮನೆಯವರೇ ಎಂದು ಶ್ರುತಿ ಕೆಡಿಸದೆ ಗಿಟಾರನ್ನು ಗೋಡೆಗೆ ತೂಗುಹಾಕಿದ. ಬೆಳಿಗ್ಗೆ ಏಳಲಿಲ್ಲ.

ಹೀಗಾಗಿ ಆ ಮನೆಯ ಶ್ರುತಿ ಉಳಿದದ್ದು ಗೋಡೆಯ ಮೇಲಿನ ಆರು ತಂತಿಗಳಲ್ಲಿ ಮಾತ್ರ. ಅವನು ಸತ್ತು ವರ್ಷ ತುಂಬಿದ ಊಟ ಆಗುವವರೆಗೆ ಯಾರೂ ಮುಟ್ಟುವುದು ಬೇಡ ಅಂದಳು ಎಮಾಲಿಯಾ. ಆ ದಿನ ಮಗಳು ಅದನ್ನು ಇಳಿಸಿ, ಒಂದೊಂದೇ ತಂತಿ ಮೀಟಿ ಕಿವಿಯಲ್ಲಿ ಇಟ್ಟುಕೊಳ್ಳಬೇಕು ಎಂದು ತಾಯಿ ಮಗಳು ಮಾತಾಡಿಕೊಂಡಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿದು ತಂತಿಗಳು ಕೊಂಚ ಇಳಿದಿದ್ದರೂ ಒಂದಕ್ಕೊಂದರ ಅಂತರ ತಿಳಿಯುವಷ್ಟು ಉಳಿದಿತ್ತು. ಇದು ನನಗೆ ಗೊತ್ತಿರಲಿಲ್ಲ. ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ, ಗೊತ್ತಿರಲಿಲ್ಲ.

ಊಟದ ದಿನ ಮಧ್ಯಾಹ್ನ ಬಿಸಿಗಲ್ಲಿನ ಗುಂಡಿಯಲ್ಲಿ ಬೆಂದ ಹಂದಿಯನ್ನು ಹೊರತೆಗೆದು ಬಿಡಿಸುತ್ತಿದ್ದೆವು. ನೆಂಟರ ಜೊತೆ ಹೊನೊಲುಲುವಿನಿಂದ ಒಬ್ಬ ಬಿಳಿಯ ಬಂದಿದ್ದ, ಹೆಗಲಲ್ಲಿ ಟೇಪ್ ರೆಕಾರ್ಡರ್. ಹಳೆಯ ಹಾಡು ಕೂಡಿಹಾಕುವವನಂತೆ. ಹಲಿಯಾ ಗಿಟಾರ್ ಇಳಿಸಿ ಚಾಪೆಯ ಮೇಲಿಟ್ಟು, ಕೈಯ ಜಿಡ್ಡು ತೊಳೆಯಲು ಕೊಳಾಯಿಗೆ ಹೋದಳು. ಬಿಳಿಯ ನೆಟ್ಟಗೆ ಚಾಪೆಯ ಕಡೆಗೇ ನಡೆದು ಬಂದ. ನಾನು ಎದ್ದೆ. ಗಿಟಾರನ್ನು ಎದೆಗೆ ಎಳೆದುಕೊಂಡು, ಅವನಿಗೆ ಬೆನ್ನು ಹಾಕಿ, ಇಯೊಕೆಪಾ ಮಾಡುತ್ತಿದ್ದ ಹಾಗೇ ಆರೂ ಬಿರಡೆ ತಿರುಗಿಸಿದೆ.

"ಅಂಕಲ್, ಕಕ್ಕಸು ಎಲ್ಲಿದೆ?" ಎಂದ ಅವನು.

ತೋರಿಸಿದೆ. ಗೆದ್ದೆ ಅಂದುಕೊಂಡು ಹಲ್ಲು ಬೇರೆ ಕಿರಿದೆ.

ಹಲಿಯಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಬಂದು ಕೂತು, ಮೊದಲ ತಂತಿ ಮೀಟಿದಳು. ಅದು ಮರಕ್ಕೆ ಬಡಿಯಿತೇ ಹೊರತು ನುಡಿಯಲಿಲ್ಲ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣಮ್ಮ. ಆ ಬಿಳಿಯ ಬರ್ತಿದ್ದ, ಅದಕ್ಕೇ..."

"ಅಪ್ಪನ ಶ್ರುತಿ ಇದ್ದಿದ್ದೇ ಇದ್ರಲ್ಲಿ ಅಂಕಲ್! ಇದೊಂದ್ರಲ್ಲಿ!"

ನನ್ನ ಎದೆಗೆ ಗುದ್ದಿದಳು. ಸರಿಯಾಗಿಯೇ ಗುದ್ದಿದಳು. ಎಮಾಲಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಹಳೆಯ ಬಾಯಿ ತೆರೆದು ನನ್ನ ಚರ್ಮ ಸುಲಿಯಲಿ ಎಂದು ಕಾದೆ.

"ತಟ್ಟೇಲಿರೋದು ತಿಂದು ಮುಗ್ಸು ಪಿಲಿಪೋ, ತಣ್ಣಗಾಗತ್ತೆ" ಅಂದಳು.

ತಿಂದೆ. ರುಚಿ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದಳು. ಹಲಿಯಾ ಕಣ್ಣು ಊದಿಸಿಕೊಂಡು ಗಿಟಾರ್ ಹಿಡಿದು ಕೂತಿದ್ದಳು. "ಮೂವತ್ತು ವರ್ಷ ಇದನ್ನ ಕೇಳ್ಕೊಂಡೇ ಗಡ್ಡೆ ಕುಟ್ಟಿದೀನಿ" ಅಂದಳು ತಾಯಿ. "ತಿರುಗ್ಸೇ."

ಮಗಳು ಬಿರಡೆ ತಿರುಗಿಸಿ ಮೀಟುವಳು, ತಾಯಿ ಗೋಡೆ ನೋಡುತ್ತ ಹೇಳುವಳು. "ಇಳಿಸು. ಇನ್ನೂ. ಜಾಸ್ತಿ ಆಯ್ತು, ಏರಿಸು. ಹಾಂ, ಅಲ್ಲೇ ಬಿಡು." ಶಾಲೆಯಲ್ಲಿ ಅನ್ನ ಸಾಕೋ ಬೇಕೋ ಎಂದು ಕೇಳುವ ದನಿ ಅದೇ, ಏರಿಲ್ಲ ಇಳಿವಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ತಂತಿ ಕೂತವು. ಐದನ್ನೂ ಒಟ್ಟಿಗೆ ಸವರಿದಾಗ ನನಗೆ ರಸ್ತೆತಡೆಯ ಒಲೆಯ ಹೊಗೆ ಮೂಗಿಗೆ ಬಡಿಯಿತು. ಎಮಾಲಿಯಾಳ ಮುಖದಲ್ಲಿ ಏನೂ ಅಲುಗಲಿಲ್ಲ.

ಆರನೆಯದು, ಹೆಬ್ಬೆರಳು ಮೀಟುವ ದಪ್ಪ ತಂತಿ, ಕೂರಲಿಲ್ಲ. ಇಳಿಸು ಅಂದಳು, ಏರಿಸು ಅಂದಳು, ಕೊನೆಗೆ ಕೈ ಬಿಟ್ಟಳು.

"ಗೊತ್ತಿಲ್ಲ. ಅದನ್ನ ಮೀಟ್ವಾಗೆಲ್ಲ ಅವನು ಹಿಮ್ಮಡೀಲಿ ನೆಲದ ಹಲಗೆ ಕುಟ್ಟೋನು. ನಂಗದು ಪಾದಕ್ಕೆ ಬರ್ತಿತ್ತು. ಕಿವೀಲಿ ಕೇಳೇ ಇಲ್ಲ."

ನಾನು ಹಲಗೆಯನ್ನು ಕುಟ್ಟಿ ನೋಡಿದೆ. "ಕುಣೀಬೇಡ, ಕೂತ್ಕೋ" ಅಂದಳು.

"ಈ ಐದಕ್ಕೆ ಕೂಡೋ ಸ್ವರ ಮೂರಿವೆ, ಅದ್ರಲ್ಲಿ ಒಂದು ಇರ್ಬೇಕಮ್ಮ" ಅಂದಳು ಹಲಿಯಾ. "ಹೊಂದೋದು ಯಾವ್ದೋ ಒಂದು ಇಟ್ಕೋತೀನಿ."

"ಬೇಡ. ಇವತ್ತು ಸುಳ್ಳು ಇಟ್ಟರೆ ನಾಳೆ ಅದೇ ನಿಜ ಆಗತ್ತೆ. ನಿನ್ನ ಮಕ್ಳು ತಾತಂದು ಅಂತ ಅದನ್ನೇ ನುಡಿಸ್ತವೆ."

ಎದ್ದು ಹೋಗಿ ಇಕ್ಕಳ ತಂದು ದಪ್ಪ ತಂತಿಯನ್ನು ಕತ್ತರಿಸಿ ತೆಗೆದಳು. ಹಲಿಯಾ ಐದರಲ್ಲೇ ನುಡಿಸಿದಳು. ಹೆಬ್ಬೆರಳು ಮತ್ತೆ ಮತ್ತೆ ಇಲ್ಲದ ಜಾಗಕ್ಕೆ ಹೋಗಿ ಗಾಳಿ ಮೀಟುತ್ತಿತ್ತು.

"ಇನ್ಮೇಲೆ ಇದನ್ನ ಕೇಳ್ದೋರಿಗೆಲ್ಲ ಕಲಿಸು" ಅಂದಳು ಎಮಾಲಿಯಾ.

"ಆ ಬಿಳಿಯಂಗೂ?"

"ಅವನಿಗೂ. ಬಚ್ಚಿಟ್ಟಿದ್ದು ಏನಾಯ್ತು ನೋಡಿದ್ಯಲ್ಲ."

ನನ್ನ ಕಡೆ ನೋಡಲಿಲ್ಲ. ಆಮೇಲೆ ಹದಿನಾರು ವರ್ಷ ಬದುಕಿದಳು, ಕೈಲಾಗುವ ತನಕ ಶಾಲೆಯಲ್ಲಿ ಬಡಿಸಿದಳು, ಈ ಮಾತನ್ನು ಮತ್ತೆ ಎತ್ತಲಿಲ್ಲ. ಹಲಿಯಾ ಈಗಲೂ ಐದು ತಂತಿಯಲ್ಲಿ ಕಲಿಸುತ್ತಾಳೆ. ಆರನೆಯದು ಎಲ್ಲಿ ಎಂದು ಯಾರಾದರೂ ಕೇಳಿದರೆ ಕೈ ಮಾಡಿ ನನ್ನ ಮನೆ ತೋರಿಸುತ್ತಾಳೆ. ಅವರು ಬಂದು ಬಾಗಿಲು ತಟ್ಟುತ್ತಾರೆ. ಕೂರಿಸಿ ಹೇಳುತ್ತೇನೆ.