ಗಾಜಿನ ಪೆಟ್ಟಿಗೆಯಲ್ಲಿದ್ದ ಮಾವ

ಮಾಲು ಬೇಕಾಗಿದ್ದರೆ ಬೇಕೆಂದು ತೋರಿಸಿಕೊಳ್ಳಬೇಡಿ. ಮೂಡಲಗಿಯಲ್ಲಿ ಹಳೇ ಪಂಪಸೆಟ್ಟು ಕೊಂಡು ಮಾರಿ ಮನೆ ಕಟ್ಟಿದವನು ನಾನು. ಗೋಕಾಕದ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಅತ್ತೆಗೂ ಅದನ್ನೇ ಹೇಳಿದೆ.

"ಒಳಗ ಅಳಬ್ಯಾಡ ಅತ್ತಿ. ನಮ್ಮದಂತ ಅನ್ನಬ್ಯಾಡ. ಮಾತು ನನಗ ಬಿಡು."

ಅತ್ತೆ ನನ್ನ ಅಪ್ಪನ ತಂಗಿ, ಹುಕ್ಕೇರಿ ಕಡೆ ಕೊಟ್ಟವಳು. ನಮ್ಮ ಕುರುಬರ ಮನೆಗಳಲ್ಲಿ ಗಂಡಸು ತೀರಿಕೊಂಡರೆ ಅಂಗೈಯಗಲದ ತಾಮ್ರದ ತಗಡಿನಲ್ಲಿ ಅವನ ರೂಪ ಬಡಿಸಿ ದೇವರ ಜಗಲಿಯ ಮೇಲಿನ ಸಾಲಿಗೆ ಸೇರಿಸುತ್ತೇವೆ. ಅಮಾವಾಸ್ಯೆಗೊಮ್ಮೆ ತೊಳೆದು, ಭಂಡಾರದ ಅರಿಶಿನ ಹಚ್ಚಿ, ಎಡೆ ತೋರಿಸುತ್ತೇವೆ. ಮಾವ, ಅಂದರೆ ಅತ್ತೆಯ ಗಂಡ, ಹರೆಯದಲ್ಲೇ ಹೋದ. ಒಂದು ಫೋಟೋ ಕೂಡ ಇರಲಿಲ್ಲ. ಈ ಬೇಸಿಗೆ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಅವಳ ಮೈದುನನ ಮಗ ಅಟ್ಟದ ಹಳೇ ಸಾಮಾನಿನ ಜೊತೆ ಜಗಲಿಯ ಮೇಲಿದ್ದ ಮಾವನ ತಗಡನ್ನೂ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟಿದ್ದ. ಅಲ್ಲಿನ ಗೋಡೆಯ ಮೇಲೆ ದಾನ ಕೊಟ್ಟ ಮನೆತನದ ಹೆಸರು ಬರುತ್ತದಂತೆ.

ಜಲಪಾತದ ಹಳೆಯ ಚಿತ್ರಗಳು, ಬಣ್ಣ ಬಳಿದ ಕಟ್ಟಿಗೆಯ ಹಣ್ಣುಗಳು, ಯಾವುದನ್ನೂ ನೋಡದೆ ಅತ್ತೆ ನೇರ ನಡೆದಳು. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಕುದುರೆ ಏರಿ ಕೂತಿದ್ದ ಮಾವ. ಅವಳ ಹೆಬ್ಬೆರಳು ತಿಕ್ಕಿ ತಿಕ್ಕಿ ಅವನ ಮೂಗು ಸವೆದುಹೋಗಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಳು.

ನಾನು ಅಲ್ಲಿನ ಮೇಲ್ವಿಚಾರಕರನ್ನು ಕರೆದೆ. "ಏನ್ರಿ ಸಾಹೇಬ್ರ, ಇದನ್ಯಾಕ ಇಟ್ಟೀರಿ? ಇದು ಹಳೇದಲ್ರಿ. ಪ್ಯಾಟ್ಯಾಗ ಬೇಕಾದಷ್ಟು ಸಿಗ್ತಾವು."

"ಖರೇನ?"

"ಹಳೇ ತಾಮ್ರದ ಮ್ಯಾಲ ನನ್ನ ಕೈ ಆಡೈತ್ರಿ. ನನಗ ಕೊಟ್ಟಬಿಡ್ರಿ, ಬದಲಿಗೆ ಖರೇ ಹಳೇ ತಲವಾರ ತಂದಕೊಡ್ತೇನಿ."

"ಹಂಗೆಲ್ಲಾ ಕೊಡಾಕ ಬರೂದಿಲ್ಲ. ಆದ್ರ ನೀವು ಹೇಳಿದ್ದು ಚಲೋ ಆತು ನೋಡ್ರಿ."

ಈ ಮಾತು ಬಂತೆಂದರೆ ಆಸಾಮಿ ಇಳಿಯುತ್ತಿದ್ದಾನೆ ಎಂದೇ ಲೆಕ್ಕ. ಹೊರಗೆ ಬಂದು ಅತ್ತೆಗೆ ಹೇಳಿದೆ, "ಮೆತ್ತಗಾಗ್ಯಾನ. ಅಮಾಸಿಗೆ ಬರೂಣು."

ಅಮಾವಾಸ್ಯೆಗೆ ಅತ್ತೆ ಎಡೆಗೆಂದು ರೊಟ್ಟಿ, ಝುಣಕ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಪೆಟ್ಟಿಗೆಯೊಳಗೆ ದೀಪ ಉರಿಯುತ್ತಿತ್ತು. ಮಾವನ ಜಾಗದಲ್ಲಿ ಅಡಿಕೆ ಕತ್ತರಿಸುವ ಹಿತ್ತಾಳೆಯ ಅಡಕೊತ್ತು ಇತ್ತು.

"ನೀವ ಕಣ್ಣ ತೆರಸಿದ್ರಿ," ಎಂದರು ಮೇಲ್ವಿಚಾರಕರು, ಖುಷಿಯಿಂದ. "ಹೊಸಾದು ಇಟ್ಟು ನಗೆಗೀಡಾಗ್ತಿದ್ವಿ. ಆ ತಗಡನ್ನ ಒಡಕು ಸಾಮಾನಿನ ಜೋಡಿ ಗುಜರಿಗೆ ಹಾಕಿದ್ವಿ."

ಗುಜರಿಯವನು ನನಗೆ ಗೊತ್ತಿದ್ದವನೇ. ಓಡಿದೆ. ಅವನು ಕೂತಲ್ಲಿಂದಲೇ ಅಂದ, "ತಾಮ್ರ ನನ್ನ ಕಡೆ ನಿಂದರತೈತೇನೋ ಮಾರಾಯ? ಆ ಮಾಲು ಭಟ್ಟಿಗೆ ಹೋತು. ಈಗ ಕರಗಿ ಗಡ್ಡಿ ಆಗಿರ್ತೈತಿ."

ಹೇಳಬೇಕೆಂದರೆ, ಮಾರುವವನಲ್ಲದವನ ಹತ್ತಿರ ಚೌಕಾಶಿಗೆ ನಿಲ್ಲಬೇಡಿ. ನಿಮ್ಮದನ್ನು ನಿಮ್ಮದೆಂದು ಬಾಯಿಬಿಟ್ಟು ಹೇಳಿ.

ತಿರುಗಿ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದಳು. ಗಂಟು ಬಿಚ್ಚಿ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಎಡೆ ತೋರಿಸದೆ ಅದನ್ನು ಮನೆಯವರು ಮುಟ್ಟುವಂತಿಲ್ಲ. ನಾನು ಹಾಗೇ ಹಿಡಿದುಕೊಂಡು ನಿಂತೆ.

"ತಿನ್ನು ತಮ್ಮಾ," ಎಂದಳು. "ಇನ್ನ ಯಾರಿಗೆ ತೋರಸೂದೈತಿ?"