ಅಣ್ಣ ಸತ್ತದ್ದು ಕಂಪ್ಯೂಟರಿನಲ್ಲಿ

“ಸಿಸ್ಟಮ್‌ನಲ್ಲಿ ನೀವು ತೀರಿಹೋಗಿದ್ದೀರಲ್ಲ ಚೇಟ್ಟಾ,” ಎಂದ ಕಂಪ್ಯೂಟರಿನ ಮುಂದಿದ್ದ ಯುವಕ, ಮಲಯಾಳದಲ್ಲಿ ಅಣ್ಣಾ ಎಂದು ಕರೆದು. ಸುಲ್ತಾನ್ ಬತ್ತೇರಿಯ ಬೆಳೆಗಾರರ ಸಂಘಕ್ಕೆ ಡೇಟಾಬೇಸ್ ಮಾಡಿಕೊಟ್ಟವನು ಅವನೇ. ಎದುರಿಗೆ ಕರಿಮೆಣಸು ಮಾರಲು ಬಂದ ನನ್ನ ಅಣ್ಣ ನಿಂತಿದ್ದ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಹೆಸರು, ಮನೆಹೆಸರು ಎರಡೂ ಒಂದೇ ಎಂದು ಯುವಕ ಸಂಘದ ಸದಸ್ಯರಾಗಿದ್ದ ಅಜ್ಜ, ಅಣ್ಣ ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದ್ದ. ಅಜ್ಜನ ಸಾವು ದಾಖಲಾದಾಗ ಅಣ್ಣನೂ ಸತ್ತ.

“ಹಾಗಾದ್ರೆ ಈ ಮೂಟೆ ಹೊತ್ತು ತಂದದ್ದು ಅಜ್ಜನಾ, ಮೋನೆ?” ಎಂದ ಅಣ್ಣ, ಮಗನನ್ನು ಕರೆಯುವ ಹಾಗೆ.

ಯುವಕ ಉತ್ತರಿಸಿದನೋ, ಪರದೆಯ ಮೇಲೆ ಸಂಘದ ಖರೀದಿಯ ಬಣ್ಣದ ಗ್ರಾಫ್ ತೋರಿಸಿದನೋ, ನನ್ನ ನೆನಪನ್ನು ನಂಬಲಾರೆ. ಮೂಟೆ ವಾಪಸಾದದ್ದು ಮಾತ್ರ ಖಚಿತ.

ಡೇಟಾಬೇಸ್ ಕಟ್ಟುವವರಿಗೆ ನನ್ನದೊಂದೇ ಸಲಹೆ: ಇಬ್ಬರನ್ನು ಒಬ್ಬರಾಗಿಸುವ ಮುನ್ನ ಹುಟ್ಟಿದ ವರ್ಷವನ್ನಾದರೂ ನೋಡಿ. ಸಂಘದ ಗ್ರಾಫ್ ಈಗಲೂ ಅಂದವಾಗಿದೆಯಂತೆ. ಅಣ್ಣ ದಲ್ಲಾಳಿಗೆ ಕಡಿಮೆ ಬೆಲೆಗೆ ಮೆಣಸು ಕೊಡುತ್ತಾನೆ. ದಲ್ಲಾಳಿ ಹೆಸರು ಕೇಳುವುದೇ ಇಲ್ಲ.