ಅತ್ತೆಯ ಪಕ್ಕೆಯ ಗೆರೆ

ಮುಲುಂಡಿನಿಂದ ಬೈಕುಲ್ಲಾಕ್ಕೆ ಲೋಕಲ್ ರೈಲಿನಲ್ಲಿ ಓಡಾಡುವ ಹೆಂಗಸು ನೀರು ಕುಡಿಯುವ ಮುಂಚೆ ಗಡಿಯಾರ ನೋಡಬೇಕು. ನಡುದಾರಿಯಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು? ಹತ್ತೊಂಬತ್ತು ವರ್ಷ ನಾನು ಬಾಟಲಿ ತುಂಬಿಸಿಕೊಂಡು ಹೋಗಿ ತುಂಬಿದ ಬಾಟಲಿಯನ್ನೇ ಮನೆಗೆ ತಂದವಳು. ಕಿಡ್ನಿಯಲ್ಲಿ ಕಲ್ಲಿದೆ ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಡಾಕ್ಟರು ಮೂರು ದಾರಿ ಹೇಳಿದರು. ಹೊರಗಿನಿಂದಲೇ ಯಂತ್ರದ ಅಲೆ ಬಡಿಸಿ ಕಲ್ಲನ್ನು ಪುಡಿ ಮಾಡುವುದು. ಮೂತ್ರದ ದಾರಿಯಲ್ಲಿ ಸಣ್ಣ ನಳಿಗೆ ತೂರಿಸಿ ಲೇಸರಿನಿಂದ ಒಡೆಯುವುದು. ಇಲ್ಲವೇ ಬೆನ್ನಿಗೊಂದು ರಂಧ್ರ ಮಾಡಿ ಒಡೆದು ತೆಗೆಯುವುದು. ನನ್ನ ಕಲ್ಲು ದೊಡ್ಡದು, ಮೂರನೆಯದೇ ಸರಿ ಎಂದರು. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊಯ್ಯುವುದು ಬೇಡ, ಮೊದಲನೆಯದೇ ಇರಲಿ ಎಂದೆ. ಅದನ್ನು ಎಷ್ಟು ಸಲ ಮಾಡಿದರೂ ಚೂರು ಉಳಿಯಬಹುದು ಎಂದರು. ಹಾಗಾದರೆ ಏನೂ ಬೇಡ ಎಂದು ಎದ್ದು ಬಂದೆ. ಮೂರು ತಿಂಗಳು ನೋವು ನುಂಗಿಕೊಂಡೇ ಆಫೀಸಿಗೆ ಹೋದೆ.

ನಿಜ ಹೇಳಬೇಕೆಂದರೆ ನನ್ನನ್ನು ಅಂಜಿಸಿದ್ದು ಅತ್ತೆಯ ಪಕ್ಕೆ. ಹರೆಯದಲ್ಲಿ ವಿಜಯಪುರದಲ್ಲಿ ಅವರ ಕಲ್ಲು ತೆಗೆದಿದ್ದರು. ಸೀರೆ ಉಡುವಾಗ ಕಂಡೂ ಕಾಣದಂತೆ, ಬೆನ್ನಿನಿಂದ ಹೊಟ್ಟೆಯವರೆಗೆ ಒಂದು ದಪ್ಪ ಗೆರೆ. ಅದರ ಮಾತನ್ನು ಅವರೂ ಎತ್ತಿದವರಲ್ಲ, ನಾನೂ ಕೇಳಿದವಳಲ್ಲ.

ಒಂದು ಭಾನುವಾರ ಅಡುಗೆಮನೆಯಲ್ಲಿ ನೋವಿಗೆ ಕುಸಿದು ಕುಳಿತೆ. ಅತ್ತೆ ಗ್ಯಾಸ್ ಆರಿಸಿ ಚಪ್ಪಲಿ ಮೆಟ್ಟಿಕೊಂಡರು.

"ಏಳ್ ಯವ್ವಾ, ನಾನೂ ಬರ್ತೀನಿ. ಎಷ್ಟ ಕೊಯ್ತಾರ ಕೇಳೂಣು."

ಡಾಕ್ಟರ ಮುಂದೆ ತಮ್ಮ ವಿಜಯಪುರದ ಹಿಂದಿಯಲ್ಲಿ ಕೇಳಿಯೇಬಿಟ್ಟರು: "ಕಿತ್ನಾ ಕಾಟ್ತೇ, ದಿಖಾವ್."

ಡಾಕ್ಟರು ಕಿರುಬೆರಳಿನ ಉಗುರು ತೋರಿಸಿದರು. ಅತ್ತೆ ನಂಬಲಿಲ್ಲ. ಮೇಜಿನ ಮೇಲೆ ಗೇಣು ಹಾಕಿ, "ಇತ್ನಾ ನೈ?" ಎಂದರು.

"ನಾಹೀ ಆಜಿ," ಎಂದು ಡಾಕ್ಟರು ನಕ್ಕರು. ನಾನು ಒಪ್ಪಿಕೊಂಡೆ.

ಕಲ್ಲು ಒಂದೇ ಸಲಕ್ಕೆ ಪೂರ್ತಿ ಹೋಯಿತು. ಎರಡನೆಯ ದಿನ ನರ್ಸ್ ಪಟ್ಟಿ ಬದಲಿಸುವಾಗ ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು.

"ಸಾಕ್ರೀ ಅತ್ತಿ, ಏನ್ ಮೆರವಣಿಗಿ ಐತೇನ್ ಅಲ್ಲಿ?" ಎಂದು ರೇಗಿದೆ.

ಅವರು ನಗುತ್ತಿದ್ದರು, ಕಣ್ಣು ತುಂಬಿತ್ತು. ನರ್ಸ್ ಹೋದ ಮೇಲೆ ಸಣ್ಣಗೆ ಹೇಳಿದರು: "ನನ್ನ ಪಟ್ಟಿ ಬಿಚ್ಚಿದ ದಿನ ನಿಮ್ಮ ಮಾವನವ್ರು ಮಾರಿ ಆ ಕಡೆ ತಿರುಗಿಸಿದ್ರು. ಅವತ್ತಿನಿಂದ ಯಾರಿಗೂ ತೋರ್ಸಿಲ್ಲ ನೋಡ್."

ಆಮೇಲೆ ಸೆರಗು ಸರಿಸಿ, ನನ್ನ ಕೈ ಹಿಡಿದು ತಮ್ಮ ಪಕ್ಕೆಯ ಮೇಲಿಟ್ಟರು. ಇಷ್ಟು ದಿನ ಇದಕ್ಕೇ ಅಂಜಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಕ್ಕದ ಬೆಡ್ಡಿನವಳು ನೋಡುತ್ತಿದ್ದಳು. ಅತ್ತೆ ಸೆರಗು ಎಳೆದುಕೊಳ್ಳಲಿಲ್ಲ.